ಅಕ್ಕ ತಾನೇ ಬಿಚ್ಚಬಹುದಾದ ಚಾಕು

2024ರ ಮೇ ಮೊದಲ ವಾರ, ಬೆಳಗಿನ ಹೊತ್ತು, ಯಳಂದೂರು ತಾಲ್ಲೂಕಿನ ಅಗರದಲ್ಲಿ ನನ್ನ ಅಕ್ಕ ತನ್ನ ಮನೆಯ ಬಚ್ಚಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕೊಳ್ಳೇಗಾಲದಲ್ಲಿ ಪ್ಲಾಸ್ಟರ್ ಹಾಕಿದರು. ಜೂನ್ ಮಧ್ಯದ ಹೊತ್ತಿಗೆ ಬಿಚ್ಚಿದರು. ಮೂಳೆ ಚೆನ್ನಾಗಿ ಕೂಡಿತ್ತು. ಹೆಬ್ಬೆರಳು ಮಾತ್ರ ಬಾಗುತ್ತಿತ್ತೇ ಹೊರತು ಒತ್ತುತ್ತಿರಲಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಸುಕುತ್ತಿರಿ, ನಿಧಾನವಾಗಿ ಬರುತ್ತದೆ ಎಂದರು. ಎಷ್ಟು ನಿಧಾನ ಎಂದು ಅಕ್ಕ ಕೇಳಿದಳು. ಅವರು ಚೆಂಡನ್ನೇ ತೋರಿಸಿದರು.

ನಾನು ಕೊಳ್ಳೇಗಾಲದಲ್ಲಿರುವವನು. ಪತ್ರಿಕೆಯ ಕೆಲಸದಿಂದ ನಿವೃತ್ತನಾಗಿದ್ದೆ. ಹಾಗಾಗಿ ಆಸ್ಪತ್ರೆಗೆ ಕರೆದೊಯ್ಯುವುದು, ವಾಪಸ್ಸು ಅಗರಕ್ಕೆ ಬಿಟ್ಟುಬರುವುದು ನನ್ನ ಪಾಲಿಗೆ ಬಂದಿತ್ತು. ಪ್ಲಾಸ್ಟರ್ ಬಿಚ್ಚಿದ ದಿನ ದಾರಿಯುದ್ದಕ್ಕೂ ಅವಳು ಕೈಯ ಬಗ್ಗೆ ಮಾತಾಡಲಿಲ್ಲ. ಎಲೆಯ ಬಗ್ಗೆ ಮಾತಾಡಿದಳು.

ಅಕ್ಕನ ಹಿತ್ತಿಲು ದಾಟಿದರೆ ಕಾಲುವೆಯ ಕಡೆಗೆ ಒಂದು ತುಂಡು ಬಾಳೆ ಇದೆ. ಗೊನೆಗಾಗಿ ಬೆಳೆಸಿದ್ದಲ್ಲ, ಊಟದ ಎಲೆಗಾಗಿ. ಬುಡದಲ್ಲಿ ಏಳುವ ಕಂದುಗಳನ್ನು ಒತ್ತಾಗಿ ಬಿಟ್ಟು, ಗಿಡ ಆಳೆತ್ತರ ಮೀರುವ ಮೊದಲೇ ಎಲೆ ಕೊಯ್ಯುತ್ತ ಹೋಗುತ್ತಾಳೆ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಅಡುಗೆ ಮಾಡುವವರು ಕೊಳ್ಳೇಗಾಲದಿಂದ, ಯಳಂದೂರಿನಿಂದ ಹಿಂದಿನ ದಿನವೇ ಫೋನ್ ಮಾಡುತ್ತಾರೆ. ಭಾವ ನೋಡಿಕೊಳ್ಳುವುದು ಕಬ್ಬು, ಭತ್ತ. ಬಾಳೆಯ ತುಂಡು ಅಕ್ಕನದು. ಯಾವ ಗಿಡದ ಯಾವ ಎಲೆ ಯಾವಾಗ ಬಿಚ್ಚಿಕೊಂಡಿತು ಎನ್ನುವುದು ಅವಳಿಗೆ ಗೊತ್ತಿರುತ್ತದೆ. ಗಾಳಿಗೆ ಹರಿಯುವ ಮೊದಲೇ ಕೊಯ್ಯಬೇಕು ಎನ್ನುವ ಆತುರವೂ ಅವಳದೇ.

ಕುಡುಗೋಲಿನಲ್ಲಿ ಕೊಯ್ಯಬಹುದಲ್ಲ ಎಂದು ಕೇಳುವವರಿದ್ದಾರೆ. ಕೊಯ್ಯಬಹುದು. ಆದರೆ ಕೊಯ್ದ ಮೇಲೆ ಇನ್ನೊಂದು ಕೆಲಸವಿದೆ. ಎಲೆಯ ಬೆನ್ನಿಗೆ ಉದ್ದಕ್ಕೂ ಇರುವ ದಪ್ಪ ನರವನ್ನು ತೆಳ್ಳಗೆ ಸವರಿ ತೆಗೆಯಬೇಕು. ತೆಗೆಯದಿದ್ದರೆ ಎಲೆ ನೆಲಕ್ಕೆ ಅಂಟಿ ಕೂರುವುದಿಲ್ಲ, ಸಾರು ಬಡಿಸಿದರೆ ಒಂದು ಕಡೆಗೆ ಓಡುತ್ತದೆ. ಆಳವಾಗಿ ಸವರಿದರೆ ಎಲೆ ತೂತಾಗುತ್ತದೆ. ಇದಕ್ಕೆ ತೆಳು ಅಲಗಿನ ಸಣ್ಣ ಚಾಕು ಬೇಕು. ಸಾಲಿನಿಂದ ಸಾಲಿಗೆ ಹೋಗುವಾಗ ಎರಡು ಕೈಯಲ್ಲೂ ಎಲೆ ಇರುವುದರಿಂದ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಬೇಕು. ಸೊಂಟಕ್ಕೆ ಸಿಕ್ಕಿಸಬೇಕಾದರೆ ಅದು ಮಡಿಚುವ ಚಾಕು ಆಗಿರಬೇಕು.

ಅವಳ ಬಳಿ ಇದ್ದ ಹಳೆಯ ಚಾಕು ಒಳ್ಳೆಯದೇ. ಅದರ ಸ್ಪ್ರಿಂಗ್ ಮಾತ್ರ ಬಿಗಿ. ಅಲಗಿನ ಮೇಲಿನ ಗೀರಿಗೆ ಹೆಬ್ಬೆರಳಿನ ಉಗುರು ಕೊಟ್ಟು ಎಳೆದರೇ ಬಿಚ್ಚುತ್ತಿತ್ತು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಮರುದಿನದಿಂದ ಅವಳಿಗೆ ಅದನ್ನು ಬಿಚ್ಚಲು ಆಗಲಿಲ್ಲ. ಎಡಗೈಯ ಉಗುರಿನಲ್ಲಿ ಎಳೆದರೆ ಬಲಗೈಯ ಹಿಡಿತ ಜಾರುತ್ತಿತ್ತು. ಚಾಕುವನ್ನು ಹಿಡಿದುಕೊಂಡು ತೋಟದಿಂದ ಅಡುಗೆಮನೆಗೆ ಬರುತ್ತಿದ್ದಳು. ಅವಳ ಸೊಸೆ ಒಲೆಯ ಮುಂದಿನಿಂದ ಎದ್ದು ಬಿಚ್ಚಿಕೊಡುತ್ತಿದ್ದಳು. ಮುಗಿದ ಮೇಲೆ ಮಡಿಚಲು ಮತ್ತೆ ಬರಬೇಕು. ಒಂದು ದಿನ ಬಿಚ್ಚಿದ ಚಾಕುವನ್ನೇ ಬಾಳೆಯ ಒಣ ಪಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೀರೆ ಹರಿಯಿತು, ಸೊಂಟದ ಮೇಲೊಂದು ಗೀರೂ ಬಿತ್ತು.

ಭಾವ ಎಂದಿನಂತೆ ಜಗುಲಿಯ ಮೇಲೆ ಕೂತು ನನಗೆ ವರದಿ ಕೊಟ್ಟರು. "ನಿಮ್ಮಕ್ಕ ಚಾಕು ಬಿಚ್ಚೋಕೆ ಅಂತ ಒಂದಾಳು ಇಟ್ಕಂಡವ್ಳೆ ಕಣಪ್ಪ, ಪೇಪರ್ನಲ್ಲಿ ಆಕು."

"ಆ ಆಳಿಗೆ ಊಟ ಆಕ್ತಿರೋಳು ನಾನೇ ಅಂತನೂ ಆಕು," ಅಂದಳು ಅಕ್ಕ ಒಳಗಿನಿಂದ.

ಸೊಸೆ ನಕ್ಕಳು. ಅಕ್ಕ ನಗಲಿಲ್ಲ.

ಯಳಂದೂರಿನಲ್ಲಿ ನೌಕರಿಯಲ್ಲಿರುವ ಅವಳ ಮಗ, ನನ್ನ ಸೋದರಳಿಯ, ಸಂಜೆ ಬಂದು ಸೊಂಟದ ಗೀರು ನೋಡಿದ. ಅವನು ಜೋರಾಗಿ ಮಾತಾಡುವವನಲ್ಲ. "ಸಾಕು ಬುಡವ್ವಾ," ಅಂದ. "ಈಗ ಆಷಾಢ, ಯಾರೂ ಎಲೆ ಕೇಳಲ್ಲ. ಶ್ರಾವಣದೊಳಗೆ ಚಾಕು ಬಿಚ್ಚಿ ಮಡಚೋದು ನಿನ್ ಕೈಲೇ ಆದ್ರೆ ಸರಿ. ಇಲ್ದಿದ್ರೆ ಎಲೆ ಗುತ್ತಿಗೆಯವನಿಗೆ ಕೊಟ್ಬುಡ್ತೀನಿ. ಅವನ ಆಳುಗಳೇ ಬಂದು ಕೊಯ್ಕಂಡು ಓಯ್ತಾರೆ."

"ಅವ್ರು ಕುಡಿ ಎಲೆ ಜತೆಗೆ ಗಿಡದ್ ಕತ್ತನೂ ಕೊಯ್ತಾರೆ," ಅಂದಳು ಅಕ್ಕ.

"ನಿನ್ ಸೊಂಟ ಕೊಯ್ಕಳೋದಕ್ಕಿಂತ ವಾಸಿ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಅಕ್ಕ ಆ ರಾತ್ರಿಯ ಊಟಕ್ಕೆ ಎಲ್ಲರಿಗೂ ಬಡಿಸಿದಳು, ಮಗನಿಗೆ ಎರಡನೇ ಸಲ ಸಾರು ಬೇಕೇ ಎಂದು ಕೇಳಲಿಲ್ಲ. ನಾನು ಹೊರಡುವಾಗ ಗೇಟಿನವರೆಗೆ ಬಂದಳು. "ಒಂದು ಚಾಕು ನೋಡ್ಲಾ," ಅಂದಳು. "ದುಬಾರಿದು ಬ್ಯಾಡ. ಎಲೆ ರಾಶಿಯೊಳಗೆ ಬಿದ್ದೋದ್ರೆ ಹುಡುಕ್ತಾ ಕೂತ್ಕಳಂಗಿರ್ಬಾರ್ದು. ಬಿಚ್ಚೋಕೆ ಯಾರನ್ನೂ ಕರೀಬಾರ್ದು, ಅಷ್ಟೆ."

ಹೀಗೆ ನಾನು ಚಾಕು ನೋಡಲು ಶುರು ಮಾಡಿದೆ. ಅಲ್ಲಿಯವರೆಗೆ ನನ್ನ ಚಾಕುವಿನ ಅನುಭವ ಪೆನ್ಸಿಲ್ ಹೆರೆಯುವುದು, ಪಾರ್ಸೆಲ್ಲಿನ ದಾರ ಕತ್ತರಿಸುವುದು, ಇಷ್ಟೇ.

ಮೊದಲನೆಯದು ಕೊಳ್ಳೇಗಾಲದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಉಕ್ಕಿನ ಹೊಳೆಯುವ ಹಿಡಿ. ಅದರೊಳಗೆ ಚಾಕುವಲ್ಲದೆ ಬಾಟಲಿ ಮುಚ್ಚಳ ತೆಗೆಯುವುದು, ಸ್ಕ್ರೂ ತಿರುಗಿಸುವುದು, ಒಂದು ಪುಟ್ಟ ಗರಗಸ ಎಲ್ಲ ಇದ್ದವು. ಅಲಗು ಗಟ್ಟಿಯಾಗಿ ಕೂತಿತ್ತು, ಪಕ್ಕಕ್ಕೆ ಅಲ್ಲಾಡಿಸಿದರೆ ಅಲ್ಲಾಡುತ್ತಿರಲಿಲ್ಲ. ಅಗ್ಗದ ಚಾಕುವಿಗೆ ಇದು ಕಡಿಮೆಯ ಮಾತಲ್ಲ. ಆದರೆ ಹಿಡಿಯ ಅಂಚುಗಳನ್ನು ಯಾರೂ ಉಜ್ಜಿ ನಯ ಮಾಡಿರಲಿಲ್ಲ. ಬಿಗಿಯಾಗಿ ಹಿಡಿದರೆ ಗರಗಸದ ಬೆನ್ನು ಅಂಗೈಗೆ ಒತ್ತುತ್ತಿತ್ತು. ಬಿಚ್ಚುವುದಕ್ಕೆ ಇದಕ್ಕೂ ಉಗುರೇ ಬೇಕು. ಅಕ್ಕ ಒಂದು ಸಲ ಪ್ರಯತ್ನಿಸಿ ಜಗುಲಿಯ ಮೇಲಿಟ್ಟಳು. ಭಾವ ಅದನ್ನು ಎತ್ತಿಕೊಂಡು ಬಾಟಲಿ ಮುಚ್ಚಳ ತೆಗೆಯುವುದನ್ನು ಎಳೆದು ನೋಡಿ, "ಇದು ಒಳ್ಳೆ ಚಾಕು," ಎಂದು ಜೇಬಿಗೆ ಹಾಕಿಕೊಂಡರು.

ಎರಡನೆಯದನ್ನು ಫೋನಿನಲ್ಲಿ ನೋಡಿ ತರಿಸಿದೆ. ಕಪ್ಪು ಬಣ್ಣದ್ದು, ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ ಇದ್ದದ್ದು. ಅಲಗಿನ ಬುಡದಲ್ಲಿ ಒಂದು ಗುಬುಟು, ಅದನ್ನು ಹೆಬ್ಬೆರಳಿನಿಂದ ತಳ್ಳಿದರೆ ಅಲಗು ಚಟ್ಟನೆ ಹೊರಗೆ ಬರುತ್ತಿತ್ತು. ಬಂದ ದಿನ ನಾನೇ ನಾಲ್ಕಾರು ಸಲ ಚಟಚಟ ಅನ್ನಿಸಿದ್ದುಂಟು. ಅಂಚು ಕಾರ್ಖಾನೆಯಿಂದಲೇ ಚುರುಕಾಗಿತ್ತು, ಪೇಪರನ್ನು ಸದ್ದಿಲ್ಲದೆ ಸೀಳಿತು. ಅಕ್ಕ ಗುಬುಟನ್ನು ಹೆಬ್ಬೆರಳಿನಲ್ಲಲ್ಲ, ತೋರುಬೆರಳಿನಲ್ಲಿ ತಳ್ಳಿ ಹೇಗೋ ಬಿಚ್ಚಿದಳು. ಆಗ ಗೊತ್ತಾದ ಸಂಗತಿ, ಬಿಚ್ಚಿದ ಮೇಲೆ ಒಳಗಿನ ತಗಡೊಂದು ಅಲಗಿಗೆ ಲಾಕ್ ಹಾಕುತ್ತದೆ, ಅದನ್ನು ಬಿಡಿಸಲು ಹೆಬ್ಬೆರಳಿನಲ್ಲೇ ಒತ್ತಬೇಕು. ಬಿಚ್ಚಿದ ಚಾಕು ಹಿಡಿದು ಅಕ್ಕ ಜಗುಲಿಯ ಮೇಲೆ ಕೂತಳು.

"ಅತ್ತೆ, ಕೊಡಿ ಮಡಚ್ತೀನಿ," ಅಂದಳು ಸೊಸೆ.

"ನೀನೇ ಬಂದು ಮಡಚೋದಾದ್ರೆ ಇದ್ಯಾಕೆ, ಹಳೇದೇ ಸಾಕಿತ್ತಲ್ಲ," ಅಂದಳು ಅಕ್ಕ.

ಕ್ಲಿಪ್ಪು ಬೇರೆ ಸೀರೆಯ ನೆರಿಗೆಯ ಎಳೆ ಕಿತ್ತಿತು. ಆ ಚಾಕುವನ್ನು ನಾನು ವಾಪಸ್ಸು ತಂದೆ. ಈಗಲೂ ನನ್ನ ಮೇಜಿನ ಮೇಲಿದೆ, ಕವರು ಒಡೆಯಲು ಚೆನ್ನಾಗಿದೆ.

ಜುಲೈ ಕೊನೆಯಲ್ಲಿ ಶಾಗ್ಯದ ಸ್ನೇಹಿತರೊಬ್ಬರನ್ನು ನೋಡಿಕೊಂಡು ಬರುವಾಗ ಹನೂರಿನಲ್ಲಿ ಬಸ್ಸು ಬದಲಾಯಿಸಬೇಕಾಯಿತು. ಬೆಟ್ಟದ ಕಡೆಯ ಬಸ್ಸುಗಳು ನಿಲ್ಲುವಲ್ಲಿ ಒಬ್ಬ ಟಾರ್ಪಾಲು ಹಾಸಿಕೊಂಡು ಕತ್ತರಿ, ಅಡಕತ್ತರಿ, ಉಗುರು ಕಟರ್, ಚಾಕು ಮಾರುತ್ತಿದ್ದ. ಮಾತಿನಲ್ಲಿ ತಮಿಳು ಕಲೆತಿತ್ತು. ನಾನು ಒಂದೊಂದನ್ನೇ ಎತ್ತಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚಿಟ್ಟುಕೊಂಡು, ಉಳಿದ ಬೆರಳುಗಳಲ್ಲಿ ಬಿಚ್ಚಲು ನೋಡುತ್ತಿದ್ದೆ. ಅವನು ನನ್ನ ಕೈಯನ್ನೇ ನೋಡಿದ.

"ಏನ್ ಸಾ, ಬೆರಳಿಗೆ ಏನಾಯ್ತು?"

"ನನಗಲ್ಲ, ನಮ್ಮಕ್ಕನಿಗೆ."

"ಅಕ್ಕನ್ ಕೈ ಮನೇಲಿ ಬುಟ್ಟು ನಿಮ್ ಕೈ ತಂದಿದ್ದೀರಲ್ಲ ಸಾ," ಎಂದು ನಕ್ಕ. ಆಮೇಲೆ ಟಾರ್ಪಾಲಿನ ಮೂಲೆಯಲ್ಲಿದ್ದ ರಾಶಿಯನ್ನು ಕೆದಕಿ ಒಂದನ್ನು ಎತ್ತಿಕೊಟ್ಟ. "ಇದು ನೋಡಿ ಸಾ, ನಲ್ಲಾ ಅದೆ. ಯಾರೂ ಕೇಳಲ್ಲ ಇದನ್ನ. ನೋಡೋಕೆ ಚಂದ ಇಲ್ಲ."

ನಿಜ, ಚಂದ ಇರಲಿಲ್ಲ. ಮರದ ಹಿಡಿ, ನಡುವೆ ದಪ್ಪ, ತುದಿಗೆ ಸಣ್ಣ. ಮೇಲೆ ಕೆಂಪು ವಾರ್ನಿಶ್ ಬಳಿದು, ಅದು ಒಣಗುವ ಮೊದಲೇ ಯಾರೋ ಮುಟ್ಟಿದ ಗುರುತಿತ್ತು. ಮಡಿಚಿದಾಗ ಅಲಗು ಹಿಡಿಯ ಸೀಳಿನ ಮಧ್ಯಕ್ಕೆ ಬರದೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಬಿಚ್ಚಿ ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಡುತ್ತಿತ್ತು. ಲಾಕ್ ಇಲ್ಲ, ಬರೀ ಒಂದು ಸ್ಪ್ರಿಂಗ್. ಆದರೆ ಕ್ಷೌರದ ಕತ್ತಿಗೆ ಇರುವ ಹಾಗೆ ಅಲಗಿನ ಬುಡಕ್ಕೆ ಒಂದು ಬಾಲ ಇತ್ತು. ಚಾಕು ಮಡಿಚಿದ್ದಾಗ ಆ ಬಾಲ ಹಿಡಿಯ ಬೆನ್ನಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ಅದನ್ನು ಒತ್ತಿದರೆ ಅಲಗು ತಾನಾಗಿ ಹೊರಗೆ ತಿರುಗುತ್ತದೆ. ಉಗುರು ಬೇಡ. ಮಡಿಚುವಾಗ ಅಲಗಿನ ಬೆನ್ನನ್ನು ತೊಡೆಗೆ ಒತ್ತಿದರೆ ಸಾಕು.

ಅದನ್ನು ತೆಗೆದುಕೊಂಡು ಭಾನುವಾರ ಅಗರಕ್ಕೆ ಹೋದೆ.

ಆ ದಿನದ ಜಗುಲಿಯ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾವೆಲ್ಲರೂ ತಪ್ಪಿದ್ದು ಅಲ್ಲಿಯೇ. ನಮ್ಮ ಕಡೆ ಚಾಕುವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂದು ನಂಬಿಕೆ. ಕೊಡುವವರು ನೆಲದ ಮೇಲಿಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ನಾನೂ ಚಾಕುವನ್ನು ಅಕ್ಕನ ಮುಂದೆ, ಜಗುಲಿಯ ಸಿಮೆಂಟು ನೆಲದ ಮೇಲೆ ಇಟ್ಟೆ.

ಅವಳು ಬಲಗೈಯಲ್ಲಿ ಹಿಡಿಯನ್ನು ಮುಷ್ಟಿ ಮಾಡಿದಳು. ನಡುವೆ ದಪ್ಪವಿದ್ದದ್ದರಿಂದ ನಾಲ್ಕು ಬೆರಳು ಸುತ್ತಿ ಕೂತವು, ಹೆಬ್ಬೆರಳು ಸುಮ್ಮನೆ ಮೇಲೆ ಒರಗಿತು. ಎತ್ತುವ ಹೊತ್ತಿಗೇ ಟಪ್ ಎಂದು ಅಲಗು ಬಿಚ್ಚಿತ್ತು.

"ಅಯ್," ಅಂದಳು ಅಕ್ಕ.

ಮಡಿಚಿ ನೆಲದ ಮೇಲಿಟ್ಟು ಮತ್ತೆ ಎತ್ತಿದಳು. ಮತ್ತೆ ಬಿಚ್ಚಿತು. ಸೊಸೆ ಬಂದು ನೋಡಿದಳು, ಅವಳೂ ಎತ್ತಿ ಬಿಚ್ಚಿದಳು. ಭಾವ ಕನ್ನಡಕ ಹಾಕಿಕೊಂಡು ಅಲಗಿನ ಆಟವನ್ನು ಪರೀಕ್ಷಿಸಿ, "ಒಸಿ ಅಲ್ಲಾಡ್ತದೆ," ಅಂದರು.

"ನಿಮ್ ಹಲ್ಲೂ ಅಲ್ಲಾಡ್ತವೆ, ಕಬ್ಬು ತಿನ್ನದು ಬುಟ್ಟಿದ್ದೀರಾ?" ಅಂದಳು ಅಕ್ಕ. ಬಹಳ ದಿನದ ಮೇಲೆ ಅವಳ ಬಾಯಲ್ಲಿ ಅಂಥ ಮಾತು ಕೇಳಿದೆ.

ಸೊಸೆ ತೋಟದಿಂದ ಒಂದು ಎಲೆ ತಂದಳು. ಅಕ್ಕ ಅದನ್ನು ಬೋರಲು ಹಾಸಿ ಬೆನ್ನಿನ ನರ ಸವರಿದಳು. ಉಕ್ಕು ಮೆದು, ಅಂಚು ಹೊಸದರಲ್ಲಿ ಅಷ್ಟೇನೂ ಚುರುಕಿರಲಿಲ್ಲ. ಮೊದಲ ಗೇಣು ಹರಕು ಹರಕಾಗಿ ಬಂತು. ಅವಳು ಹೊಸಿಲ ಪಕ್ಕದ ಕಲ್ಲಿಗೆ ನೀರು ಚಿಮುಕಿಸಿ ಅಲಗನ್ನು ನಾಲ್ಕು ಸಲ ಉಜ್ಜಿದಳು. ಮೆದು ಉಕ್ಕಿಗೆ ಅಂಚು ಬೇಗ ಬರುತ್ತದೆ. ಎರಡನೇ ಸಲ ನರದ ಸಿಪ್ಪೆ ಒಂದೇ ದಾರವಾಗಿ ಸುರುಳಿ ಸುತ್ತಿಕೊಂಡು ಬಂತು. ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ತೂತು ಇರಲಿಲ್ಲ. ಅಂಗೈ ಬಿಚ್ಚಿ ನೋಡಿಕೊಂಡಳು, ಹಿಡಿಯ ಅಂಚಿನ ಗುರುತೂ ಬಿದ್ದಿರಲಿಲ್ಲ. ಮಣಿಕಟ್ಟಿಗೆ ನೋವು ಬಂತಾ ಎಂದು ಕೇಳಿದೆ. "ಬಂದ್ರೆ ಏಳ್ತೀನಿ," ಅಂದಳು.

ನನ್ನ ಲೆಕ್ಕದಲ್ಲಿ ವಿಷಯ ಮುಗಿದಿತ್ತು. ನೋಡಲು ಒರಟು, ಅಲಗಿಗೆ ಸ್ವಲ್ಪ ಆಟ, ಅಂಚು ಬೇಗ ಹೋಗುತ್ತದೆ ಆದರೆ ಬೇಗ ಬರುತ್ತದೆ, ಹಿಡಿ ಕೈಗೆ ಹಿತ, ಬಿಚ್ಚುವುದು ಸುಲಭ. ಸೋದರಳಿಯ ಸಂಜೆ ಬಂದು ತಾನೂ ಒಮ್ಮೆ ಎತ್ತಿ ಬಿಚ್ಚಿ ನೋಡಿ, "ಸರಿ ಬುಡು," ಅಂದ. ಗುತ್ತಿಗೆಯವನು ಮುಂದಿನ ಭಾನುವಾರ ತೋಟ ನೋಡಲು ಬರುವವನಿದ್ದ. ಬೇಡ ಎಂದು ಅವನಿಗೆ ಫೋನ್ ಮಾಡುವುದಾಗಿ ಹೇಳಿದ.

ಆಷಾಢವಾದ್ದರಿಂದ ಆ ವಾರ ಅಕ್ಕ ಎಲೆ ಕೊಯ್ಯಲು ತೋಟಕ್ಕೆ ಇಳಿದದ್ದೇ ಶುಕ್ರವಾರ. ಅಂದು ಬೆಳಿಗ್ಗೆ ಅವಳ ಫೋನ್ ಬಂತು. "ಬಿಚ್ತಿಲ್ಲ ಕಣ್ಲಾ," ಅಂದಳು. ಅಷ್ಟೇ ಹೇಳಿ ಇಟ್ಟಳು.

ನಾನು ಹೋಗುವ ಹೊತ್ತಿಗೆ ಅವಳು ತೋಟದಲ್ಲೇ ಇದ್ದಳು. ಹಿಂದಿನ ದಿನ ನೀರು ಬಿಟ್ಟಿದ್ದರಿಂದ ನೆಲ ಕೆಸರು, ಮೇಲೆ ಕೊಳೆತ ಎಲೆ. ಅಕ್ಕ ಗಿಡಗಳ ನಡುವೆ ನಿಂತು ಚಾಕುವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಬಾಲವನ್ನು ಒತ್ತಲು ಹೆಬ್ಬೆರಳು ಬೇಕಿತ್ತು. ಎಡ ಹೆಬ್ಬೆರಳಿನಲ್ಲಿ ಒತ್ತಿದರೆ ಬಲಗೈಯ ಮುಷ್ಟಿಯೊಳಗೆ ಹಿಡಿಯೇ ತಿರುಗುತ್ತಿತ್ತು. ಎಡಗೈಗೆ ಬದಲಾಯಿಸಿ ಬಲ ಅಂಗೈಯ ಬುಡದಲ್ಲಿ ಒತ್ತಿದಳು. ಮಣಿಕಟ್ಟಿನಲ್ಲಿ ನೋವು ಹೊಡೆಯಿತು, ಮುಖ ಹಿಂಡಿಕೊಂಡಳು. ತೊಡೆಗೆ ಒತ್ತಿ ನೋಡಿದಳು. ಸೀರೆಯ ಮೇಲೆ ಬಾಲ ಜಾರಿತು. ಬಾಳೆಯ ಕಾಂಡಕ್ಕೆ ಒತ್ತಿದಳು. ಬಾಲ ಒಳಗೆ ಹೂತು ಸೊನೆ ಚಿಮ್ಮಿತು, ಅಲಗು ಅಲ್ಲೇ ಇತ್ತು.

"ಮನೇಲಿ ಬಿಚ್ತಿತ್ತಲ್ಲ," ಅಂದೆ.

"ನಂಗೂ ಅದೇ."

ಇಬ್ಬರೂ ಜಗುಲಿಗೆ ಬಂದೆವು. ಅವಳು ಚಾಕುವನ್ನು ನೆಲದ ಮೇಲಿಟ್ಟು ಎತ್ತಿದಳು. ಟಪ್ ಎಂದು ಬಿಚ್ಚಿತು. ಮತ್ತೆ ಇಟ್ಟು ಎತ್ತಿದಳು. ಈ ಸಲ ಸೊಸೆ ಬಗ್ಗಿ ನೋಡಿದಳು. "ಅತ್ತೆ, ನೀವು ಎತ್ತುವಾಗ ನೆಲಕ್ಕೆ ಒತ್ತಿ ಎತ್ತೀರಿ ಕಣ್ರಿ," ಅಂದಳು.

ಹೌದು. ಮುಷ್ಟಿ ಮಾಡುವಾಗ ಬಾಲ ಸಿಮೆಂಟಿಗೆ ತಾಗುತ್ತಿತ್ತು. ಅಕ್ಕನ ತೋಳಿನ ಭಾರ ಬಿದ್ದಾಗ ಅಲಗು ತೆರೆದುಕೊಳ್ಳುತ್ತಿತ್ತು. ಬಿಚ್ಚುತ್ತಿದ್ದದ್ದು ಜಗುಲಿಯ ನೆಲ. ಸೊಸೆಯೂ, ಸೋದರಳಿಯನೂ ಹಾಗೇ ಎತ್ತಿದ್ದರು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟಿದ್ದರೆ ಭಾನುವಾರವೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಭಾವ ಅದನ್ನೇ ಹೇಳಿದರು. "ಕೈಗೇ ಕೊಟ್ಟಿದ್ರೆ ಒಂದ್ ಜಗಳ ಆಗ್ತಿತ್ತು, ಅಷ್ಟೆ. ಅದು ಈ ಮನೇಲಿ ದಿನಾ ಆಯ್ತದೆ."

ಅಕ್ಕ ಚಾಕುವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು. ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಸೊಸೆ ಆಗಲೇ ಆರಿಸಿಟ್ಟಿದ್ದಳು. ಸಂಜೆ ಮಗ ಬಂದಾಗ ಅವಳೇ ಹೇಳಿದಳು. "ಗುತ್ತಿಗೆಯವನಿಗೆ ಬರೋಕೇಳಪ್ಪ."

ಅವನು ಕಿಟಕಿಯಿಂದ ಚಾಕು ತೆಗೆದುಕೊಂಡು ಅಂಗಳದಲ್ಲಿ ಓಡಾಡಿದ. ಗೋಡೆಗೆ ಒತ್ತಿ ಬಿಚ್ಚಿದ. ಗೇಟಿನ ಕಂಬಿಗೆ ಒತ್ತಿ ಬಿಚ್ಚಿದ. ನಿಂತ ಬೈಕಿನ ಹ್ಯಾಂಡಲಿಗೆ ಒತ್ತಿ ಬಿಚ್ಚಿದ. ಭಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಕೊನೆಯ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಬಂದೆ.

ಶನಿವಾರ ಅಲ್ಲಿ ಆದದ್ದನ್ನು ನಾನು ನೋಡಲಿಲ್ಲ. ಸೊಸೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಗೆ ಹಿಂದೆ ಒಂದು ಕೋಣೆ ಸೇರಿಸಿದಾಗ ತಾರಸಿಯ ಸೆಂಟ್ರಿಂಗಿಗೆ ಕೊಂಡಿದ್ದ ಸರ್ವೆ ಕೋಲುಗಳು ಕೊಟ್ಟಿಗೆಯ ಅಟ್ಟದ ಮೇಲಿದ್ದವು. ಸೋದರಳಿಯ ರಜೆ ಹಾಕಿ, ಅವುಗಳನ್ನು ಇಳಿಸಿ, ಎದೆಯೆತ್ತರಕ್ಕೆ ತುಂಡು ಮಾಡಿ, ಬಾಳೆ ಸಾಲಿನ ನಡುವೆ ಗುಂಡಿ ತೆಗೆದು ನೆಡಲು ಶುರು ಮಾಡಿದ. ಅಮ್ಮನಿಗೆ ಒಂದು ಮಾತೂ ಹೇಳಲಿಲ್ಲ. ಗೊನೆ ಭಾರಕ್ಕೆ ಬಾಗಿದ ಬಾಳೆಗೆ ಕೋಲಿನ ಆಸರೆ ಕೊಡುವುದು ಎಲ್ಲರಿಗೂ ಗೊತ್ತು. ಎಲೆ ಬಾಳೆಗೆ ಕೋಲು ಕೊಟ್ಟದ್ದನ್ನು ಅಗರದಲ್ಲಿ ಯಾರೂ ನೋಡಿರಲಿಲ್ಲ. ಕಾಲುವೆಯ ಏರಿ ಮೇಲೆ ಹೋಗುತ್ತಿದ್ದ ಪಕ್ಕದ ಜಮೀನಿನವರು ನಿಂತು ನೋಡಿದರು.

"ಏನ್ಲಾ, ಆಫೀಸ್ನಲ್ಲಿ ಇದನ್ನೇ ಏಳ್ಕೊಟ್ರಾ? ಎಲೆ ಭಾರಕ್ಕೆ ಬಾಳೆ ಬಿದ್ದೋದದಾ?"

"ಊ, ಬಿದ್ದೋದದೆ," ಅಂದನಂತೆ ಇವನು ಗುಂಡಿಯೊಳಗಿನಿಂದ.

ಅಕ್ಕ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದವಳು ಕೋಲುಗಳನ್ನು ನೋಡಿದಳು. ಒಂದು ಕೋಲನ್ನು ಹಿಡಿದು ಅಲುಗಿಸಿದಳು. "ಇದು ಅಲ್ಲಾಡ್ತದೆ ಕಣ್ಲಾ," ಅಂದಳು. "ಇನ್ನೊಸಿ ಆಳ ತೆಗಿ." ಅವನು ತೆಗೆದ. ಆಮೇಲೆ ಅವಳು ಸೊಂಟದಿಂದ ಚಾಕು ತೆಗೆದು ಕೋಲಿಗೆ ಒತ್ತಿದಳು. ಚಾಕು ಸೊಂಟದಲ್ಲಿತ್ತು ಎನ್ನುವುದನ್ನು ಸೊಸೆ ನನಗೆ ಎರಡು ಸಲ ಹೇಳಿದಳು. ಕಿಟಕಿಯ ಮೇಲೆ ಇದೆ ಎಂದೇ ಎಲ್ಲರೂ ತಿಳಿದಿದ್ದರು. ಅಲಗು ಬಿಚ್ಚಿತು. ಎಡಗೈಯಲ್ಲಿ ಎಲೆಯನ್ನು ಬಗ್ಗಿಸಿ, ಬಲಗೈಯಲ್ಲಿ ಕೊಯ್ದು, ಅಲಗಿನ ಬೆನ್ನನ್ನು ಅದೇ ಕೋಲಿಗೆ ಒತ್ತಿ ಮಡಿಚಿ, ಮುಂದಿನ ಕೋಲಿನ ಹತ್ತಿರ ಹೋದಳು.

"ಊಟ ಆರೋಯ್ತದೆ ಅತ್ತೆ," ಅಂದಳು ಸೊಸೆ.

"ಅವನ್ಗೆ ಬಡಿಸು ಓಗು. ಸಾರು ಜಾಸ್ತಿ ಆಕು."

ಭಾನುವಾರ ನಾನು ಹೋದಾಗ ಗುತ್ತಿಗೆಯವನೂ ಬಂದಿದ್ದ. ಕೊಳ್ಳೇಗಾಲದ ಮಾರ್ಕೆಟ್ಟಿನಲ್ಲಿ ಎಲೆ ವ್ಯಾಪಾರ ಮಾಡುವ, ಸಭ್ಯ ಮನುಷ್ಯ. ತೋಟದೊಳಗೆ ಕಾಲಿಟ್ಟವನು ಕೋಲುಗಳನ್ನು ನೋಡಿ ನಿಂತ.

"ಎಲೆ ಬಾಳೆಗೆ ಯಾರಮ್ಮ ಕೋಲ್ ಕೊಟ್ಟೋರು?"

"ಬಾಳೆಗಲ್ಲ ಕಣಯ್ಯ, ನಮ್ಮನೆಯವ್ಳಿಗೆ," ಅಂದರು ಭಾವ.

ಅವನಿಗೆ ಅರ್ಥವಾಗಲಿಲ್ಲ. ಅಕ್ಕ ವಿವರಿಸಲೂ ಇಲ್ಲ. ಮಗನ ಮುಖ ನೋಡಿದಳು. ಅವನು, "ಅವ್ವನ್ನೇ ಕೇಳಿ, ತೋಟ ಅವ್ಳ್ದು," ಅಂದ. ಅಕ್ಕ ಸಾಲುಗಳ ಉದ್ದಕ್ಕೂ ನಡೆದು, ಕೋಲು ಮುಗಿದ ಜಾಗದಲ್ಲಿ ನಿಂತಳು. ಅಟ್ಟದ ಮೇಲಿದ್ದ ಕೋಲುಗಳು ಅಲ್ಲಿಯವರೆಗೆ ಮಾತ್ರ ಸಾಕಾಗಿದ್ದವು. "ಇಲ್ಲಿಂದ ಆಚೆ ಕಾಲುವೆ ಕಡೇವು ನೀನ್ ಕೊಯ್ಕೊಳಪ್ಪ," ಅಂದಳು. "ಈಚೇವು ನಂವು. ಕತ್ತು ಕೊಯ್ಯಂಗಿಲ್ಲ, ಎಲೆ ಮಾತ್ರ." ಅವನು ಒಪ್ಪಿದ.

ಶ್ರಾವಣದ ಮೊದಲ ಮದುವೆಯ ಎಲೆ ಅಕ್ಕನ ಸಾಲುಗಳಿಂದಲೇ ಹೋಯಿತು. ನಾನು ಆ ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತು ಎಲೆ ಮಗುಚಿ ನೋಡಿದ್ದಕ್ಕೆ ಪಕ್ಕದವರು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಬೆನ್ನಿನ ನರವನ್ನು ಅಕ್ಕ ತೆಳ್ಳಗೆ ಸವರಿ ತೆಗೆದಿದ್ದಳು.

ಚಾಕುವಿನ ಬಗ್ಗೆ ಅಂದಿನಿಂದ ಇಂದಿನವರೆಗೆ ತಿಳಿದ ಸಂಗತಿಗಳಿವೆ. ವಾರ್ನಿಶ್ ಒಂದೇ ಮಳೆಗಾಲದಲ್ಲಿ ಎದ್ದುಹೋಯಿತು, ಹಿಡಿ ಅದಕ್ಕಿಂತ ನಯವಾಯಿತು. ಬಾಳೆಯ ಸೊನೆ ಅಲಗು ತಿರುಗುವ ಮೊಳೆಯೊಳಗೆ ಇಳಿದು ಕಪ್ಪು ಅಂಟಾಗುತ್ತದೆ, ಆಗ ಬಿಚ್ಚುವುದು ಬಿಗಿಯಾಗುತ್ತದೆ. ಅಕ್ಕ ಅದಕ್ಕೆ ಬಿಸಿನೀರು ಹಾಕಿ, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡುತ್ತಾಳೆ. ಅಲಗಿನ ಆಟ ಹೆಚ್ಚಿತ್ತು, ಭಾವ ಮೊಳೆಯ ತಲೆಗೆ ಸುತ್ತಿಗೆಯಲ್ಲಿ ಒಂದೇಟು ಕೊಟ್ಟು ಕಡಿಮೆ ಮಾಡಿದರು. ಏಟು ಜಾಸ್ತಿಯಾಗಿ ಎರಡು ದಿನ ಬಿಚ್ಚಲೇ ಇಲ್ಲ. ಆ ಎರಡು ದಿನ ಆ ಮನೆಯಲ್ಲಿ ಯಾರು ಯಾರಿಗೆ ಏನೆಂದರು ಎನ್ನುವುದನ್ನು ಸೊಸೆ ನನಗೆ ಪೂರ್ತಿಯಾಗಿ ಹೇಳಿದ್ದಾಳೆ, ಇಲ್ಲಿ ಬರೆಯುವುದಿಲ್ಲ. ಹನೂರಿನಲ್ಲಿ ಅದೇ ಜಾಗದಲ್ಲಿ ಅಂಥದೇ ಇನ್ನೊಂದು ಚಾಕು ಕೇಳಿದೆ. ಮಾರುವವನು ಇದ್ದ, ಚಾಕು ಇರಲಿಲ್ಲ. ಯಾರೂ ಕೇಳದ ಮಾಲು ಎಂದು ತರುವುದನ್ನೇ ಬಿಟ್ಟಿದ್ದಾನಂತೆ.

ಅಕ್ಕನ ಹೆಬ್ಬೆರಳಿಗೆ ಅರ್ಧ ಬಲ ಬಂದಿದೆ. ಕುಂಕುಮದ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ. ಹಳೆಯ ಚಾಕುವನ್ನು ಬಿಚ್ಚಲು ಇನ್ನೂ ಆಗುವುದಿಲ್ಲ. ರಬ್ಬರ್ ಚೆಂಡು ಮೊಮ್ಮಗಳ ಪಾಲಾಗಿದೆ.

ಕಳೆದ ವಾರ ಕೊಳ್ಳೇಗಾಲದ ಅಡುಗೆಯವರೊಬ್ಬರಿಗೆ ಅಗರದಿಂದ ಎಲೆಯ ಕಟ್ಟು ಬಂತು. ಕೊಯ್ದವಳು ಅಕ್ಕ. ಕಾಲುವೆ ಕಡೆಯ ಸಾಲುಗಳ ಗುತ್ತಿಗೆ ಮುಗಿದಿದೆ. ಸೋದರಳಿಯ ಅಲ್ಲಿ ಹೊಸ ಕೋಲುಗಳಿಗೆ ಗುಂಡಿ ತೆಗೆದಿದ್ದಾನೆ.